ಎಣ್ಣೆ ಹಾಕಿದ ಕಿವಿ

ಮೈಸೂರಿಗೆ ಹೋಗುವ ದಿನ ನಮ್ಮ ಮನೆಯಲ್ಲಿ ಯಾರೂ ಯಾರ ಜೊತೆಗೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಗಂಡ ಅಂಗಳದಲ್ಲಿ ವ್ಯಾನಿನಿಂದ ಬ್ರೆಡ್ಡು ಬನ್ನಿನ ಟ್ರೇಗಳನ್ನು ದಡಬಡ ಇಳಿಸುತ್ತಿದ್ದರು. ಅತ್ತೆ ಒಲೆಯ ಮುಂದೆ ಕೂತು ಇಂಥವರಿಗೆಂದಿಲ್ಲದೆ ಗೊಣಗುತ್ತಿದ್ದರು. ನಾನು ಒಣಗದ ಬಟ್ಟೆಗಳನ್ನು ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡುತ್ತಾ, ಈ ಊರಿನ ಮಳೆಗೆ ಬೆಂಕಿ ಹಾಕ ಎಂದು ಬೈಯುತ್ತಿದ್ದೆ. ಮಗಳು ಮಾತ್ರ ಚಾಪೆಯ ಮೇಲೆ ಬಿದ್ದುಕೊಂಡು ಕಾಲಿನ ಹೆಬ್ಬೆರಳನ್ನು ಬಾಯಿಗೆ ಎಳೆದುಕೊಳ್ಳುವ ಕೆಲಸದಲ್ಲಿದ್ದಳು. ಇಷ್ಟೆಲ್ಲ ಗಲಾಟೆ ತನ್ನ ಸಲುವಾಗಿ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗಲಾಟೆಯೇ ಅವಳಿಗೆ ಕೇಳುತ್ತಿರಲಿಲ್ಲ.

ಕುಶಾಲನಗರದಿಂದ ದುಬಾರೆಯ ಕಡೆಗೆ ಹೋಗುವ ರಸ್ತೆಯಲ್ಲಿ ಸ್ವಲ್ಪ ಒಳಗೆ ನಮ್ಮ ಮನೆ. ಗಂಡನ ಮನೆಯವರು ಹಾಸನದ ಕಡೆಯಿಂದ ಬಂದು ಇಲ್ಲಿ ಜೋಳ, ಶುಂಠಿ ಹಾಕಿಕೊಂಡು ನೆಲೆ ನಿಂತವರು. ನನ್ನ ತವರು ಸಂಪಾಜೆ. ಗಂಡ ಬೇಕರಿಯ ಮಾಲನ್ನು ಪಾಲಿಬೆಟ್ಟದ ಕಡೆಯ ಎಸ್ಟೇಟ್ ಲೈನುಗಳ ಅಂಗಡಿಗಳಿಗೆ ಹಾಕಿ ಬರುತ್ತಾರೆ. ಮಾವ ತೀರಿಹೋಗಿ ವರ್ಷಗಳಾದವು. ಮನೆಯಲ್ಲಿ ಇರುವುದು ನಾವು ಮೂವರು, ಮತ್ತೆ ಅವಳು.

ಜೋಳ ತೆನೆ ಕಟ್ಟುವ ಹೊತ್ತಿಗೆ ಆನೆ ಬರುವುದು ನಮಗೇನೂ ಹೊಸದಲ್ಲ. ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಹಿಂದಿನ ಬೇಲಿ ಮುರಿದುಕೊಂಡು ಒಂದು ಬಂತು. ಫಾರೆಸ್ಟಿನವರು ಓಡಿ ಬಂದು ನಮ್ಮ ಕೊಟ್ಟಿಗೆಯ ಪಕ್ಕದಲ್ಲೇ ಪಟಾಕಿ ಸಿಡಿಸಿದರು. ನನ್ನ ಕೈಯಲ್ಲಿದ್ದ ಲೋಟ ಬಿತ್ತು. ನಾಯಿ ಮಂಚದ ಕೆಳಗೆ ನುಗ್ಗಿತು. ಅತ್ತೆ "ಅಯ್ಯೋ ನನ್ ಶಿವನೇ" ಎಂದು ಎದೆ ಹಿಡಿದುಕೊಂಡರು. ತೊಟ್ಟಿಲಲ್ಲಿ ಮಗಳು ಎಚ್ಚರವಾಗಿಯೇ ಇದ್ದಳು. ಬೆಚ್ಚಲಿಲ್ಲ. ಎರಡನೆಯದನ್ನು ಸಿಡಿಸುವಾಗ ನಾನು ಬೇಕೆಂದೇ ಅವಳ ಮುಖ ನೋಡುತ್ತಾ ನಿಂತೆ. ಗೋಡೆಯ ಮೇಲಿದ್ದ ಕ್ಯಾಲೆಂಡರು ಅಲ್ಲಾಡಿತು. ಅವಳು ರೆಪ್ಪೆಯನ್ನೂ ಮಿಟುಕಿಸದೆ ನನ್ನನ್ನು ನೋಡಿ ಬೊಚ್ಚು ಬಾಯಿಯಲ್ಲಿ ನಕ್ಕಳು.

"ನೋಡ್ದಾ ನನ್ ಮೊಮ್ಮಗಳ ಗುಂಡಿಗೆಯ, ಆನೆಗೂ ಹೆದ್ರಲ್ಲ, ಪಟಾಕಿಗೂ ಹೆದ್ರಲ್ಲ" ಎಂದರು ಅತ್ತೆ. ನಾನು ಅವಳ ತಲೆಯ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿದೆ, ತಿರುಗಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಮೈಸೂರಿನ ಕಿವಿ ಆಸ್ಪತ್ರೆಗೆ ಓಡಾಟ. ಮೊದಲ ಪರೀಕ್ಷೆಗೆ ಮಗು ಗಾಢ ನಿದ್ದೆಯಲ್ಲಿರಬೇಕು, ತಲೆಗೆ ವೈರುಗಳನ್ನು ಅಂಟಿಸಿ ನೋಡುತ್ತಾರೆ, ಆದ್ದರಿಂದ ಬೆಳಗಿನ ಜಾವಕ್ಕೇ ಎಬ್ಬಿಸಿ, ಇಲ್ಲಿಗೆ ಬರುವವರೆಗೆ ನಿದ್ದೆ ಮಾಡಲು ಬಿಡಬೇಡಿ ಎಂದಿದ್ದರು. ಹೇಳುವುದು ಸುಲಭ. ಕಿವಿ ಕೇಳುವ ಮಗುವಾದರೆ ಹಾಡಬಹುದು, ಚಪ್ಪಾಳೆ ತಟ್ಟಬಹುದು, ತಟ್ಟೆ ಬಡಿಯಬಹುದು. ಇವಳನ್ನು ವ್ಯಾನಿನಲ್ಲಿ ಎಚ್ಚರವಾಗಿ ಇಡುವುದು ಹೇಗೆ? ಬೈಲುಕುಪ್ಪೆಯಿಂದ ಪಿರಿಯಾಪಟ್ಟಣದವರೆಗೆ ಅಂಗಾಲಿಗೆ ಕಚಗುಳಿ ಇಟ್ಟೆ. ಅಲ್ಲಿಂದ ಮುಂದಕ್ಕೆ ಮುಖಕ್ಕೆ ಊದಿದೆ. ಹುಣಸೂರು ದಾಟುವಾಗ ಒದ್ದೆ ಕರ್ಚೀಫಿನಿಂದ ಕತ್ತು ಒರೆಸಿದೆ. ಅವಳು ನನ್ನನ್ನು ಶತ್ರುವನ್ನು ನೋಡುವಂತೆ ನೋಡಿ ಅಳುತ್ತಿದ್ದಳು. ಅಷ್ಟು ಮಾಡಿಯೂ, ಆಸ್ಪತ್ರೆಯ ಗೇಟು ಕಾಣುತ್ತಿದ್ದ ಹಾಗೆ ಕೊನೇ ಸಿಗ್ನಲ್ಲಿನಲ್ಲಿ ನಿದ್ದೆ ಹೋದಳು. ನಮ್ಮ ಸರದಿ ಬರುವಷ್ಟರಲ್ಲಿ ನಿದ್ದೆ ಮುಗಿಸಿ ಎದ್ದು, ಆಟಕ್ಕೆ ತಯಾರಾಗಿ ಕೂತಿದ್ದಳು. ಅವತ್ತು ಪರೀಕ್ಷೆ ಆಗಲಿಲ್ಲ, ವಾಪಸ್ ಬಂದೆವು. ಮತ್ತೆ ಹೋದೆವು. ಹಾಗೆ ಎಷ್ಟು ಸಲ ಆ ರಸ್ತೆ ಕಂಡೆನೋ ಲೆಕ್ಕ ಇಟ್ಟಿಲ್ಲ. ಇಡುವ ತ್ರಾಣವೂ ಇರಲಿಲ್ಲ.

ಕೊನೆಗೆ ಪರೀಕ್ಷೆ ಮುಗಿದ ದಿನ, ಕಿವಿ ಪರೀಕ್ಷೆ ಮಾಡುವ ಮೇಡಂ ನಮ್ಮಿಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕಣ್ಣಿನ ಕೆಳಗೆ ನನಗಿರುವಷ್ಟೇ ಕಪ್ಪು. "ಎರಡೂ ಕಿವೀಲಿ ತುಂಬಾ ಕಮ್ಮಿ ಕೇಳಿಸ್ತಿದೆ. ಕಿವಿಗೆ ಮಿಷನ್ ಹಾಕೋಣ. ಮಾತು ಕಲಿಯೋ ವಯಸ್ಸು ಇದೇ ಅಮ್ಮಾ, ಅದು ನಮಗೋಸ್ಕರ ಕಾಯಲ್ಲ. ಎಷ್ಟು ಬೇಗ ಹಾಕಿದರೆ ಅಷ್ಟು ಒಳ್ಳೇದು." ಹಾಕಿದರೆ ಕೇಳುತ್ತದೆಯಾ ಎಂದು ಗಂಡ ಕೇಳಿದರು. "ಹಾಕಿ ನೋಡ್ಬೇಕು. ಕೆಲವರಿಗೆ ಚೆನ್ನಾಗಿ ಸಹಾಯ ಆಗುತ್ತೆ, ಕೆಲವರಿಗೆ ಸಾಕಾಗಲ್ಲ. ಈಗಲೇ ಹೇಳೋಕಾಗಲ್ಲ" ಎಂದರು. ಸುಳ್ಳು ಸಮಾಧಾನ ಹೇಳಲಿಲ್ಲ. ಆ ಹೊತ್ತಿಗೆ ಒಂದು ಸುಳ್ಳು ಹೇಳಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ.

ಮಿಷನ್ ಹಾಕುವ ಮುಂಚೆ ಕಿವಿಯ ಅಚ್ಚು ತೆಗೆಯಬೇಕು. ಕಿವಿಯೊಳಗೆ ಮೇಣದಂಥ ಪೇಸ್ಟು ತುಂಬಿ, ಗಟ್ಟಿಯಾದ ಮೇಲೆ ತೆಗೆದು, ಅದರ ಅಳತೆಗೆ ಮಿಷನ್ನಿನ ತುದಿ ಮಾಡಿಸುತ್ತಾರೆ. ಅದಕ್ಕೆ ಮಗುವನ್ನು ತಯಾರು ಮಾಡಿಕೊಂಡು ಬನ್ನಿ ಎಂದರು ಮೇಡಂ. ದಿನಾ ಕಿವಿ ಮುಟ್ಟಿ, ಕಿವಿಯ ಹಿಂದೆ ಬೆರಳಾಡಿಸಿ, ಟೋಪಿ ಹಾಕಿ ತೆಗೆಯಿರಿ, ಕಿವಿಯ ಹತ್ತಿರ ಕೈ ಬಂದರೆ ಹೆದರಬಾರದು. ಈ ಸಲ ಮಾತ್ರ ಚೆನ್ನಾಗಿ ನಿದ್ದೆ ಮಾಡಿಸಿ, ಹೊಟ್ಟೆ ತುಂಬಿಸಿ ಕರೆದುಕೊಂಡು ಬನ್ನಿ. ಹೋದ ಸಲ ನಿದ್ದೆ ಕೆಡಿಸಿ ಅಂದವರೂ ಇವರೇ, ಈ ಸಲ ಮಾಡಿಸಿ ಅನ್ನುವವರೂ ಇವರೇ. ಉಸ್ಸಪ್ಪಾ ಎಂದುಕೊಂಡು ಎದ್ದೆ.

ಮನೆಗೆ ಬಂದು ಅತ್ತೆಗೆ ಹೇಳಿದೆವು. ಅವರು, "ನಮ್ಮ ಕಡೆ ಯಾರ್ಗೂ ಹಿಂಗಿಲ್ಲಪ್ಪ" ಎಂದರು. ಆ ಮಾತು ಸಂಪಾಜೆಯ ದಿಕ್ಕಿಗೆ ಹೋಗಿ ಬಿತ್ತು ಎಂದು ನನಗೆ ಗೊತ್ತಾಯಿತು. ಜಗಳವಾಡಬಹುದಿತ್ತು, ಆದರೆ ಸುಸ್ತಾಗಿತ್ತು, ಅನ್ನ ಬಡಿಸಿದೆ. ಮಾರನೆಯ ದಿನ ಅವರೇ, "ಕಿವಿ ಮುಟ್ಟಿ ರೂಢಿ ಮಾಡ್ಸೋದು ತಾನೇ, ನಾ ನೋಡ್ಕತೀನಿ ಬಿಡು" ಎಂದರು. ಹೊಟ್ಟೆಯೊಳಗಿನ ಸಂಕಟವನ್ನು ಅವರು ಯಾವತ್ತೂ ಬಾಯಿಂದ ಆಡಿದವರಲ್ಲ, ಏನಾದರೂ ಒಂದು ಕೆಲಸ ಹಿಡಿಯುತ್ತಾರೆ.

ಎಳೆ ಮಕ್ಕಳಿಗೆ ನೀರು ಹಾಕುವುದರಲ್ಲಿ ನಮ್ಮ ಅತ್ತೆಯನ್ನು ಮೀರಿಸುವವರು ನಮ್ಮ ಸುತ್ತಿನಲ್ಲಿಲ್ಲ. ಬಚ್ಚಲಿನ ಮಣೆಯ ಮೇಲೆ ಕೂತು ಎರಡೂ ಕಾಲು ನೀಡಿ, ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡರೆ, ಎಂಥ ರಚ್ಚೆ ಹಿಡಿದ ಕೂಸೂ ಸೋತು ಮೈ ಬಿಡುತ್ತದೆ. ಬೋರಲು ಹಾಕಿ ಬೆನ್ನು ತಿಕ್ಕಿ, ಅಂಗಾತ ತಿರುಗಿಸಿ ಎದೆ ತಿಕ್ಕಿ, ಕಾಲು ಕೈ ಜಗ್ಗಿ, ಕೊನೆಗೆ ಹಂಡೆಯ ಬಿಸಿನೀರು. ಮಗಳ ಕಿವಿಯ ಸುತ್ತಲೂ ಅವರ ಹೆಬ್ಬೆರಳು ತಿರುಗುವಾಗ ಅವಳ ಕಣ್ಣು ತೇಲಿಹೋಗುತ್ತಿತ್ತು. ನೋಡಿ ನನಗೂ ನೆಮ್ಮದಿ. ಒಂದು ಕೆಲಸವಾದರೂ ನನ್ನ ತಲೆಯ ಮೇಲಿಲ್ಲವಲ್ಲ ಎಂದುಕೊಂಡೆ.

ಅಚ್ಚಿನ ದಿನ ಎಲ್ಲವೂ ಸರಿಯಾಗಿ ನಡೆಯಿತು. ಮಗಳು ಚೆನ್ನಾಗಿ ಮಲಗಿ ಎದ್ದಳು. ಅತ್ತೆ ಬೇಗನೆ ಎದ್ದು ನೀರು ಹಾಕಿದರು, ಸಾಂಬ್ರಾಣಿ ಹೊಗೆ ಹಿಡಿದರು, ತಲೆಗೆ ಕುಲಾವಿ ಕಟ್ಟಿ ಕಳಿಸಿದರು. ದಾರಿಯುದ್ದಕ್ಕೂ ಕೂಸು ನಗುತ್ತಾ ಬಂತು. ಮೇಡಂ ಕೂಡ "ಅರೆ, ಇವತ್ತು ಏನು ಖುಷಿಯಾಗಿದಾಳೆ" ಎಂದರು. ಕುಲಾವಿ ಬಿಚ್ಚಿದರು. ಕಿವಿಯ ಹತ್ತಿರ ಕೈ ತಂದರು, ಅವಳು ಹೆದರಲಿಲ್ಲ. ನನ್ನ ಎದೆ ಉಬ್ಬಿತು. ಸಣ್ಣ ಟಾರ್ಚನ್ನು ಕಿವಿಗೆ ಇಟ್ಟು ನೋಡಿದವರು ಮುಖ ಎತ್ತಲಿಲ್ಲ. ಇನ್ನೊಂದು ಕಿವಿ ನೋಡಿದರು.

"ಎಣ್ಣೆ ಹಾಕಿದೀರಾ ಅಮ್ಮಾ?"

ನಾನು ಇಲ್ಲ ಎಂದೆ. ಅವರು ಹತ್ತಿ ಸುತ್ತಿದ ಕಡ್ಡಿಯನ್ನು ಕಿವಿಯ ಬಾಯಿಗೆ ಒತ್ತಿ ತೆಗೆದು ತೋರಿಸಿದರು. ಹತ್ತಿ ಹಳದಿಯಾಗಿತ್ತು, ಬೆಳ್ಳುಳ್ಳಿಯ ವಾಸನೆ. ಎಣ್ಣೆಗೆ ಬೆಳ್ಳುಳ್ಳಿ ಎಸಳು ಹಾಕಿ ಕಾಯಿಸಿ, ಬೆಚ್ಚಗೆ ಮಾಡಿ, ಎರಡೂ ಕಿವಿಗೆ ತುಂಬಾ ಬಿಟ್ಟಿದ್ದಾರೆ ನಮ್ಮ ಅತ್ತೆ! ಒಳಗಡೆ ಮೆತ್ತಗಾದ ಕೊಳೆಯೆಲ್ಲ ಸೇರಿ ಏನೂ ಕಾಣುತ್ತಿಲ್ಲ, ಚರ್ಮವೂ ಕೆಂಪಗಾಗಿದೆ, ಈ ಕಿವಿಯಲ್ಲಿ ಅಚ್ಚು ತೆಗೆಯಲು ಬರುವುದಿಲ್ಲ, ಡಾಕ್ಟರ ಹತ್ತಿರ ಕ್ಲೀನ್ ಮಾಡಿಸಿ, ಕೆಂಪು ಇಳಿದ ಮೇಲೆ ಬನ್ನಿ ಎಂದರು ಮೇಡಂ. ಬೈಯಲಿಲ್ಲ. ಅವರಿಗೂ ಇದು ಹೊಸದಲ್ಲವೆಂದು ಕಾಣುತ್ತದೆ.

ವಾಪಸ್ ಬರುವಾಗ ಗಂಡ ಹೇಳಿದರು: "ಅವ್ವನ್ನ ಏನೂ ಅನ್ನಬೇಡ ಮಾರಾಯ್ತಿ. ಗೊತ್ತಾಗದೆ ಮಾಡಿದಾಳೆ."

"ನಾನೇನು ಅನ್ನಲ್ಲ" ಎಂದೆ.

ಬಾಗಿಲು ದಾಟುವ ಮುಂಚೆಯೇ ಅಂದೆ. "ಯಾರು ಹೇಳಿದ್ರು ನಿಮಗೆ ಎಣ್ಣೆ ಹಾಕಿ ಅಂತ?" ಅತ್ತೆ ಗಾಬರಿಯಾಗಿ, "ಒಳಗೆ ಏನೋ ತುಂಬ್ತಾರೆ ಅಂದ್ಯಲ್ಲವ್ವ, ಒಣ ಕಿವೀಲಿ ನೋವಾಗದೆ ಇರ್ಲಿ ಅಂತ..." ಎಂದರು. ಅವರ ಲೆಕ್ಕದಲ್ಲಿ ಅದೂ ತಯಾರಿಯೇ. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಮೊಣಕಾಲು ಹಿಡಿದರೆ ಎಣ್ಣೆ, ಮೊಮ್ಮಗಳ ಕಿವಿಗೂ ಎಣ್ಣೆ. ನನಗೆ ಆ ಹೊತ್ತಿಗೆ ಅದೆಲ್ಲ ತಲೆಗೆ ಹೋಗಲಿಲ್ಲ. ದಿನ ಹೋಯಿತು ಎಂಬುದೊಂದೇ ತಲೆಯಲ್ಲಿ. ಮಾತು ಕಲಿಯುವ ವಯಸ್ಸು ಕಾಯುವುದಿಲ್ಲ ಎಂದಿದ್ದರಲ್ಲ, ಅದು ನಮ್ಮ ಅಂಗಳದಲ್ಲೇ ನಡೆದುಕೊಂಡು ಹೋಗುತ್ತಿರುವ ಹಾಗೆ ನನಗೆ ಅನ್ನಿಸುತ್ತಿತ್ತು. "ಇನ್ನು ಮೇಲೆ ನನ್ನ ಮಗೂನ ಮುಟ್ಟಬೇಡಿ ನೀವು" ಎಂದುಬಿಟ್ಟೆ.

ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ನಿನ್ ಮಗು ಕಣವ್ವ. ನೀನೇ ನೋಡ್ಕೋ" ಎಂದು ಒಳಗೆ ಹೋದರು.

ನಾನು ಆಡಿದ್ದು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ. ಆದರೆ ಅದರ ಫಲ ಉಣ್ಣಬೇಕಾದವಳು ನಾನೇ ಆದೆ. ಅತ್ತೆ ನಿಜಕ್ಕೂ ಮುಟ್ಟುವುದನ್ನು ಬಿಟ್ಟರು. ನೀರು ಕಾಯಿಸಿ ಇಡುತ್ತಿದ್ದರು, ಬಟ್ಟೆ ಒಣಗಿಸುತ್ತಿದ್ದರು, ಮಗು ಅಂಬೆಗಾಲಿಟ್ಟು ತಮ್ಮ ಹತ್ತಿರ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಹಟ ಅಂದರೆ ಹಟ, ಹಾಸನದ ಹಟ. ಇತ್ತ ನಾನು ನೀರು ಹಾಕಲು ಕೂತರೆ ಮಗಳು ಕಾಲ ಮೇಲೆ ನಿಲ್ಲಳು, ಜಾರುವಳು, ಊರು ಒಂದಾಗುವ ಹಾಗೆ ಅರಚುವಳು. ಕಿವಿಗೆ ಕೈ ತಂದರಂತೂ ಮುಗಿಯಿತು, ತಲೆಯನ್ನು ಆ ಕಡೆ ಈ ಕಡೆ ಒಗೆದು ನನ್ನ ಹಲ್ಲಿಗೇ ಹೊಡೆಯುವಳು. ಕೇಳದ ಮಗುವಿಗೆ ಲೋಕವೆಂದರೆ ಮುಟ್ಟುವ ಕೈಗಳು. ಅವಳಿಗೆ ಗೊತ್ತಿದ್ದ ಒಂದು ಕೈ ಇದ್ದಕ್ಕಿದ್ದ ಹಾಗೆ ಕಾಣೆಯಾಗಿತ್ತು. ಯಾಕೆ ಎಂದು ಅವಳಿಗೆ ಹೇಳುವವರು ಯಾರು, ಹೇಳಿದರೂ ಕೇಳುವುದು ಹೇಗೆ? ಒಂದು ದಿನ ಸ್ನಾನ ಮುಗಿಸಿ ನಾವಿಬ್ಬರೂ ಒದ್ದೆಯಾಗಿ ಬಚ್ಚಲಲ್ಲೇ ಕೂತು ಅತ್ತೆವು. ಅವಳಿಗಿಂತ ನಾನೇ ಜಾಸ್ತಿ ಅತ್ತಿದ್ದು ಅಂತ ಕಾಣುತ್ತದೆ.

ಕೆಂಪು ಇಳಿದ ಮೇಲೆ ಮತ್ತೆ ಮೈಸೂರಿಗೆ ಹೋದೆವು. ಕಿವಿ ಸ್ವಚ್ಛವಾಗಿತ್ತು, ಆದರೆ ಕಿವಿ ಕೊಡಬೇಕಲ್ಲ ಆ ಹುಡುಗಿ! ನಾನು ಹಿಡಿದೆ, ಗಂಡ ಹಿಡಿದರು, ಒಬ್ಬ ಸಿಸ್ಟರ್ ಬಂದು ತಲೆ ಹಿಡಿದರು. ಮೂವರು ಸೇರಿ ಒಂದು ಕೂಸನ್ನು ಅದುಮುತ್ತಿರುವುದನ್ನು ನೋಡಿ ಮೇಡಂ ಕೈಯಲ್ಲಿದ್ದ ಪೇಸ್ಟಿನ ಸಿರಿಂಜನ್ನು ಕೆಳಗಿಟ್ಟರು. "ಬೇಡ, ಬಿಡಿ. ಇವತ್ತು ಬಲವಂತ ಮಾಡಿದರೆ ನಾಳೆ ಮಿಷನ್ನೂ ಹಾಕಿಸಿಕೊಳ್ಳಲ್ಲ ಇವಳು" ಎಂದರು. ಆಮೇಲೆ ನನ್ನ ಮುಖ ನೋಡಿ, "ಹೋದ ಸಲ ಎಷ್ಟು ಚೆನ್ನಾಗಿ ಕಿವಿ ಮುಟ್ಟಿಸಿಕೊಂಡಳು. ಮನೇಲಿ ಯಾರ ಹತ್ರ ಸುಮ್ಮನಿರ್ತಾಳೆ?" ಎಂದು ಕೇಳಿದರು.

ನಾನು ಕಿಟಕಿ ನೋಡಿದೆ. ಗಂಡನೇ ಹೇಳಿದರು: "ನಮ್ಮ ಅವ್ವನ ಹತ್ರ."

"ಹಾಗಾದರೆ ಅವರನ್ನೇ ಕರ್ಕೊಂಡು ಬನ್ನಿ. ಎಣ್ಣೆ ಮಾತ್ರ ಬೇಡ ಅಂತ ಹೇಳಿ" ಎಂದು ನಕ್ಕರು ಮೇಡಂ.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅಚ್ಚು ಆಯಿತಾ ಎಂದು ಕೇಳಲಿಲ್ಲ. ಮಗನ ಮುಖ ನೋಡಿಯೇ ಗೊತ್ತು ಮಾಡಿಕೊಂಡರು. ಗಂಡ ನನ್ನ ಕಡೆ ಒಂದು ಸಲ ನೋಡಿ, ವ್ಯಾನಿಗೆ ಗಾಳಿ ಕಮ್ಮಿಯಾಗಿದೆ ಎಂದು ಹೇಳಿ ಜಾರಿಕೊಂಡರು. ಗಂಡಸರಿಗೆ ಇಂಥ ಹೊತ್ತಿಗೆ ಸರಿಯಾಗಿ ಗಾಳಿ ಕಮ್ಮಿಯಾಗುತ್ತದೆ.

ನಾನು ಮಗಳನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡೆ. "ಅತ್ತೆ, ಮುಂದಿನ ಸಲ ನೀವು ಬರಬೇಕಂತೆ."

"ಯಾರಂದ್ರು?"

"ಮೇಡಂ ಅಂದ್ರು."

"ನೀ ಅನ್ನಲಿಲ್ವಾ?"

ಎಂಥ ಹೆಂಗಸು ನೋಡಿ. ನಾನು ಒಂದು ಕಾಯಿ ಸುಲಿದೆ, ಇನ್ನೊಂದು ಸುಲಿದೆ. "ನಾನೂ ಅಂತಿದೀನಿ" ಎಂದೆ.

"ನನ್ ಕೈ ಬೇಡ ಅಂದಿದ್ಯಲ್ಲ."

"ಅವಳಿಗೆ ಬೇಕಂತೆ."

ಅತ್ತೆ ಸಿಪ್ಪೆಯನ್ನೆಲ್ಲ ಗುಡ್ಡೆ ಮಾಡಿ ಮೊರಕ್ಕೆ ತುಂಬಿದರು. ಆಮೇಲೆ, "ಮಗಾನ ಇಲ್ಲಿ ಕೊಡು. ನಿನ್ ಮೈಯೆಲ್ಲ ಬಸ್ಸಿನ ಹೊಗೆ ವಾಸ್ನೆ, ಹೋಗಿ ಮುಖ ತೊಳ್ಕೋ" ಎಂದರು. ನಾವು ಹೋಗಿದ್ದು ವ್ಯಾನಿನಲ್ಲಿ. ಆದರೂ ಎದ್ದು ಹೋಗಿ ಮುಖ ತೊಳೆದೆ.

ಮುಂದಿನ ಸಲ ಅತ್ತೆ ಆಸ್ಪತ್ರೆಯ ಆ ಕೋಣೆಗೆ ಬಂದವರು, ತಿರುಗುವ ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲ. ಅದು ಅಲ್ಲಾಡುತ್ತದೆ, ಅದರ ಮೇಲೆ ಕೂಸು ಹಿಡಿಯುವುದು ಹೇಗೆ ಎಂದರು. ಮೇಡಂ ಸ್ವಲ್ಪ ಯೋಚಿಸಿ, "ಮನೇಲಿ ಸ್ನಾನಕ್ಕೆ ಹೇಗೆ ಕೂತ್ಕೋತೀರ ಅಜ್ಜಿ? ಹಾಗೇ ಕೂತ್ಕೊಳಿ" ಎಂದು ನೆಲಕ್ಕೆ ಒಂದು ಚಾದರ ಹಾಸಿಕೊಟ್ಟರು. ಅತ್ತೆ ಗೋಡೆಗೆ ಒರಗಿ ಕಾಲು ನೀಡಿದರು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಳ್ಳಲು ಹೋಗಿ, ಮಗ ನಿಂತಿದ್ದಾನೆಂದು ನೋಡಿ, ಬಿಟ್ಟರು. ಮಗಳನ್ನು ಕಾಲಿನ ಮೇಲೆ ಒಂದು ಮಗ್ಗುಲಿಗೆ ಮಲಗಿಸಿಕೊಂಡು ಬೆನ್ನು ನೀವತೊಡಗಿದರು. ನೀರಿಲ್ಲ, ಎಣ್ಣೆಯಿಲ್ಲ, ಎಸಿ ಕೋಣೆ. ಆದರೂ ಕೂಸು ಮೈ ಬಿಟ್ಟಿತು. ಮೇಡಂ ಬಿಳಿ ಕೋಟಿನಲ್ಲೇ ನೆಲದ ಮೇಲೆ ಮಂಡಿಯೂರಿ ಕೂತರು. ದಾರ ಕಟ್ಟಿದ ಸಣ್ಣ ಹತ್ತಿಯನ್ನು ಕಿವಿಗೆ ಇಟ್ಟು, ಗುಲಾಬಿ ಬಣ್ಣದ ಪೇಸ್ಟನ್ನು ಮೆಲ್ಲಗೆ ತುಂಬಿದರು. ಮಗಳು ಒಮ್ಮೆ ಮುಖ ಸಿಂಡರಿಸಿದಳು. ಅತ್ತೆಯ ಹೆಬ್ಬೆರಳು ಅವಳ ಹುಬ್ಬಿನ ಮೇಲೆ ಹೋಯಿತು. ಅಷ್ಟೇ. ಅದು ಗಟ್ಟಿಯಾಗುವವರೆಗೆ ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಕೇಳದ ಮಗುವಿನ ಎದುರು ನಾವು ಉಸಿರು ಬಿಗಿಹಿಡಿದು ಕೂತದ್ದು ಯಾಕೋ. ಇನ್ನೊಂದು ಕಿವಿಗೆ ತಿರುಗಿಸುವ ಹೊತ್ತಿಗೆ ಅವಳು ನಿದ್ದೆಯೇ ಹೋಗಿದ್ದಳು.

ಕಾರಿಡಾರಿಗೆ ಬಂದ ಮೇಲೆ ನಾನು ಅತ್ತೆಗೆ ಕಾಫಿ ತಂದುಕೊಟ್ಟೆ. "ಸಕ್ಕರೆ ಜಾಸ್ತಿ" ಎಂದು ಕುಡಿದರು.

ಮಿಷನ್ ಬಂತೆಂದು ಫೋನು ಬಂದಾಗ ಚಳಿ ಜೋರಾಗಿತ್ತು. ಎಲ್ಲರೂ ಹೋದೆವು. ಇಷ್ಟು ದಿನದ ಓಡಾಟ, ಜಗಳ, ನಿದ್ದೆಗೇಡು ಎಲ್ಲ ಈ ಒಂದು ದಿನಕ್ಕೆ. ಹೋಗುವಾಗ ದಾರಿಯಲ್ಲಿ ನಾನು ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ನೋಡುತ್ತಿದ್ದೆ: ಮಿಷನ್ ಹಾಕುತ್ತಾರೆ, ನಾನು ಕರೆಯುತ್ತೇನೆ, ಅವಳು ತಿರುಗುತ್ತಾಳೆ. ಮೊಬೈಲಿನಲ್ಲಿ ಎಲ್ಲರೂ ಅಂಥ ವಿಡಿಯೋ ನೋಡಿರುತ್ತಾರಲ್ಲ. ಗಂಡ ತಮ್ಮ ಮೊಬೈಲನ್ನು ಪೂರ್ತಿ ಚಾರ್ಜು ಮಾಡಿ ತಂದಿದ್ದರು.

ಮೇಡಂ ಎರಡೂ ಕಿವಿಗೆ ಮಿಷನ್ ಕೂರಿಸಿ, ಕಂಪ್ಯೂಟರಿಗೆ ಜೋಡಿಸಿ, ಏನೇನೋ ಒತ್ತಿ, "ಹೂಂ, ಕರೀರಿ" ಎಂದರು.

ನಾನು ಕರೆದೆ. ಪುಟ್ಟೀ ಎಂದೆ, ಚಿನ್ನೂ ಎಂದೆ. ಗಂಡ ಒಂದು ಕೈಯಲ್ಲಿ ಮೊಬೈಲು ಹಿಡಿದುಕೊಂಡು ಕರೆದರು. ಅತ್ತೆ ಕರೆದರು. ಮಗಳು ಮೇಡಂ ಕೈಯ ವಾಚನ್ನು ಹಿಡಿದು ನೆಕ್ಕುತ್ತಿದ್ದಳು. ಮೇಡಂ ಡೋಲು ಬಡಿದರು, ಗಂಟೆ ಅಲ್ಲಾಡಿಸಿದರು. ಒಂದು ಸಲ ಅವಳ ಕೈ ನಿಂತ ಹಾಗಾಯಿತು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಆದರೆ ಅವಳು ತಿರುಗಿ ವಾಚಿಗೇ ಬಾಯಿ ಹಾಕಿದಳು. ಗಂಡನ ಕೈಯಲ್ಲಿ ಮೊಬೈಲು ನಿಧಾನಕ್ಕೆ ಕೆಳಗಿಳಿಯಿತು.

"ಬೇಜಾರು ಮಾಡ್ಕೋಬೇಡಿ" ಎಂದರು ಮೇಡಂ. "ಶಬ್ದ ಅಂದ್ರೆ ಏನು ಅಂತಾನೇ ಅವಳಿಗೆ ಇನ್ನೂ ಗೊತ್ತಿಲ್ಲ. ಕೆಲವು ಮಕ್ಕಳು ಈಗಲೇ ತಿರುಗ್ತಾರೆ, ಕೆಲವರಿಗೆ ಸಮಯ ಬೇಕು. ದಿನಾ ಹಾಕಿ, ದಿನಾ ಮಾತಾಡಿ. ಆಮೇಲೆ ನೋಡೋಣ." ಸಾಕಾಗದೆ ಹೋದರೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಮಿಷನ್ನಿನ ಡಬ್ಬಿ, ಬ್ಯಾಟರಿ, ಒರೆಸುವ ಬಟ್ಟೆ ಎಲ್ಲ ಕೊಟ್ಟರು. ಅವನ್ನು ಬ್ಯಾಗಿಗೆ ಹಾಕಿ, ಇದನ್ನು ಹಿಡ್ಕೊಳ್ಳಿ ಎಂದು ಗಂಡನಿಗೆ ಹೇಳಿ ನಾನು ಮುಂದೆ ನಡೆದೆ.

ವಾಪಸ್ ಬರುವ ದಾರಿಯಲ್ಲಿ ಹುಣಸೂರು ಬಂತು, ಹೋಯಿತು. ಮಗಳು ಮಿಷನ್ನನ್ನು ಕಿತ್ತು ಕಿತ್ತು ಬಾಯಿಗೆ ಹಾಕುತ್ತಿದ್ದಳು, ಅತ್ತೆ ಎಂಜಲು ಒರೆಸಿ ನನಗೆ ಕೊಡುತ್ತಿದ್ದರು, ನಾನು ಮತ್ತೆ ಕಿವಿಗೆ ಹಾಕುತ್ತಿದ್ದೆ. ಸರಿಯಾಗಿ ಕೂರದಿದ್ದರೆ ಅದು ಕುಯ್ಯೆಂದು ಸಿಳ್ಳೆ ಹಾಕುತ್ತಿತ್ತು. ನಮಗೆಲ್ಲ ಕೇಳುವ ಆ ಸಿಳ್ಳೆ ಅದನ್ನು ಹಾಕಿಕೊಂಡವಳಿಗೆ ಕೇಳುತ್ತಿಲ್ಲ ಎಂದು ನೆನೆದು ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಸಾಕಾಗಿಹೋಗಿತ್ತು. ಇನ್ನು ನಾಳೆಯಿಂದ ಇದನ್ನೇ ದಿನಾ ಮಾಡಬೇಕು, ಏನೂ ಕೇಳಿಸದೆ ಇರಬಹುದು ಅಂತ ಗೊತ್ತಿದ್ದೂ ಮಾಡಬೇಕು ಎಂದುಕೊಂಡು ಮತ್ತೊಮ್ಮೆ ಮಿಷನ್ನನ್ನು ಅವಳ ಕಿವಿಗೆ ಒತ್ತಿದೆ.

ಪಿರಿಯಾಪಟ್ಟಣದ ಹತ್ತಿರ ಒಂದು ಟೀ ಅಂಗಡಿಯ ಮುಂದೆ ಗಂಡ ವ್ಯಾನು ನಿಲ್ಲಿಸಿದರು. ಮಗಳು ಒದ್ದೆ ಮಾಡಿಕೊಂಡಿದ್ದಳು. ಬಟ್ಟೆ ಬದಲಾಯಿಸೋಣವೆಂದು ಬ್ಯಾಗು ಹುಡುಕಿದೆ. ಸೀಟಿನ ಮೇಲಿಲ್ಲ, ಕೆಳಗಿಲ್ಲ, ಹಿಂದಿಲ್ಲ. ಗಂಡ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಆ ಕೈಗಳಲ್ಲಿ ಇದ್ದದ್ದು ವ್ಯಾನಿನ ಕೀ ಮತ್ತು ಮೊಬೈಲು.

ಆಗ ನನ್ನಿಂದ ಏನು ಹೊರಗೆ ಬಂತೋ ನನಗೇ ಗೊತ್ತಿಲ್ಲ. "ರೀ! ಬ್ಯಾಗ್ ಎಲ್ರೀ? ಒಂದು ಬ್ಯಾಗ್ ಹಿಡ್ಕೊಂಡು ಬರೋಕೆ ಆಗಲ್ವಾ ನಿಮಗೆ? ಬ್ಯಾಟ್ರಿ ಎಲ್ಲಾ ಅದರಲ್ಲೇ ಇದೆ! ಎಲ್ಲಾನೂ ನಾನೇ ಹೊರಬೇಕಾ ಈ ಮನೇಲಿ? ನಾನೇನು ಮನುಷ್ಯಳೋ ಕತ್ತೆಯೋ?" ಟೀ ಅಂಗಡಿಯವನು ಸೌಟು ಹಿಡಿದುಕೊಂಡೇ ಆಚೆ ಬಂದು ನೋಡಿದ. ಬಸ್ಸಿಗೆ ಕಾಯುತ್ತಿದ್ದವರು ತಿರುಗಿದರು. ತಿರುಗಲಿ ಎಂದುಕೊಂಡು ಇನ್ನೂ ಜೋರಾಗಿ ಬೈದೆ.

ಮಗಳು ಅತ್ತೆಯ ಹೆಗಲ ಮೇಲಿದ್ದಳು. ಆ ಕಡೆಯ ಕಿಟಕಿಗೆ ಮುಖ ಮಾಡಿಕೊಂಡು ಹೊರಗೆ ಮೇಯುತ್ತಿದ್ದ ಒಂದು ದನವನ್ನು ನೋಡುತ್ತಿದ್ದಳು. ಅವಳ ಬೆನ್ನು ನನ್ನ ಕಡೆಗಿತ್ತು. ನನ್ನ ಮುಖ ಅವಳಿಗೆ ಕಾಣುವಂತೆಯೇ ಇರಲಿಲ್ಲ. ಅವಳ ಮೈ ಒಮ್ಮೆ ಬೆಚ್ಚಿತು. ಕತ್ತು ಗಟ್ಟಿಯಾಯಿತು. ನಿಧಾನವಾಗಿ, ಬಹಳ ನಿಧಾನವಾಗಿ, ತಲೆ ಈ ಕಡೆ ತಿರುಗಿತು. ನನ್ನನ್ನು ಹುಡುಕಿ, ನನ್ನ ಬಾಯಿಯನ್ನೇ ನೋಡಿದಳು. ಕೆಳತುಟಿ ಹೊರಗೆ ಬಂತು. ಅತ್ತಳು.

ನಾನು ಬೈಯುತ್ತಿದ್ದ ಮಾತು ಅರ್ಧಕ್ಕೇ ನಿಂತಿತು.

"ತಿರುಗ್ತು ಕಣವ್ವಾ" ಎಂದರು ಅತ್ತೆ, ಗುಟ್ಟು ಹೇಳುವವರ ಹಾಗೆ. "ನೀ ಬೈದಿದ್ದಕ್ಕೆ ತಿರುಗ್ತು."

ಗಂಡ ಬಾಗಿಲು ಹಿಡಿದು ಒಳಗೆ ಬಗ್ಗಿದರು. "ಇನ್ನೊಂದ್ಸಲ ಬೈಯೇ" ಎಂದರು. "ಬೈಯೇ ಮಾರಾಯ್ತಿ, ಇನ್ನೊಂದೇ ಒಂದ್ಸಲ."

ಬಾಯಿ ತೆರೆದೆ. ಮದುವೆಯಾದಾಗಿನಿಂದ ಯಾವತ್ತೂ ಬರವಿಲ್ಲದ ಬಾಯಿ ಅದು. ಒಂದು ಅಕ್ಷರ ಹೊರಡಲಿಲ್ಲ. ಕಣ್ಣೆಲ್ಲ ನೀರಾಗಿ, ಕೈ ಅಲ್ಲಾಡಿಸಿ ಆಗುವುದಿಲ್ಲ ಎಂದು ಅತ್ತೆಗೆ ತೋರಿಸಿದೆ.

ಅತ್ತೆ ಮಗನ ಕಡೆ ತಿರುಗಿದರು. "ಏನ್ಲಾ, ಬುದ್ಧಿ ಐತೇನ್ಲಾ ನಿಂಗೆ? ತಲೇಲಿ ಏನ್ ತುಂಬ್ಕೊಂಡಿದೀಯಾ, ಹೊಟ್ಟಾ? ಸ್ಕೂಲಿಗೆ ಹೋಗುವಾಗ ಸ್ಲೇಟು ಮರೀತಿದ್ದೆ, ಸಂತೆಗೆ ಕಳ್ಸಿದ್ರೆ ಚೀಲ ಮರೀತಿದ್ದೆ..." ಬೈಯುತ್ತಾ ಬೈಯುತ್ತಾ ಅವರ ಕಣ್ಣಲ್ಲೂ ನೀರು ಇಳಿಯುತ್ತಿತ್ತು, ದನಿ ಮಾತ್ರ ಇಳಿಯಲಿಲ್ಲ. ಮಗಳು ಅಳು ನಿಲ್ಲಿಸಿದಳು. ನನ್ನ ಮುಖ ಬಿಟ್ಟು ಕತ್ತೆತ್ತಿ ಅಜ್ಜಿಯ ಮುಖ ನೋಡಿದಳು. ಆಮೇಲೆ ಎಂಜಲು ಕೈ ಚಾಚಿ, ಆಡುತ್ತಿದ್ದ ಆ ತುಟಿಗಳನ್ನು ಮುಟ್ಟಿದಳು. ಅತ್ತೆಯ ಮಾತು ತಡವರಿಸಿತು.

"ನಿಲ್ಲಿಸಬೇಡವ್ವ" ಎಂದರು ಗಂಡ. "ಬೈತಾ ಇರು."